ಕೆಟ್ಟ ಮನಸ್ಸಿನ ಅರ್ಜಿಗೂ ಬಾಗಿಲು ತೆರೆದಿರಬೇಕೆ?

ಈಚೆಗೆ ಒಂದು ಪದವಿ ಕಾಲೇಜಿನಲ್ಲಿ ನಾಗರಿಕ ಹಕ್ಕುಗಳ ಬಗ್ಗೆ ಮಾತನಾಡಲು ಹೋಗಿದ್ದೆ. ಇಂಥ ಭಾಷಣಗಳ ಕೊನೆಯಲ್ಲಿ 'ಪ್ರಶ್ನೆಗಳಿದ್ದರೆ ಕೇಳಬಹುದು' ಎಂದು ಅಧ್ಯಕ್ಷರು ಹೇಳುವುದು, ಸಭೆ ಮೌನವಾಗಿರುವುದು, ಆಮೇಲೆ ವಂದನಾರ್ಪಣೆ ನಡೆಯುವುದು ವಾಡಿಕೆ. ಅಂದೂ ಹಾಗೆಯೇ ಆಯಿತು. ನಿಜವಾದ ಪ್ರಶ್ನೆ ಬಂದದ್ದು ಚಹಾ ಕುಡಿಯುವಾಗ. ಎರಡನೆಯ ವರ್ಷದ ಬಿ.ಎ. ವಿದ್ಯಾರ್ಥಿನಿಯೊಬ್ಬಳು ಹತ್ತಿರ ಬಂದು, "ಸರ್, ಎಲ್ಲರೆದುರು ಕೇಳೋಕೆ ಸಂಕೋಚ ಆಯ್ತು" ಎಂದಳು.

ಆಕೆ ಇದ್ದದ್ದು ಪರಿಶಿಷ್ಟ ಜಾತಿಯ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ. ಹಳೆಯ ಕಟ್ಟಡ ಸೋರುತ್ತಿತ್ತು. ಹೊಸ ಬಡಾವಣೆಯೊಂದರಲ್ಲಿ ಬಾಡಿಗೆ ಕಟ್ಟಡ ಗೊತ್ತಾಯಿತು. ಇನ್ನೇನು ಪೆಟ್ಟಿಗೆ ಕಟ್ಟಬೇಕು ಎನ್ನುವಾಗ ಆ ಬೀದಿಯ ನಿವಾಸಿಗಳು ಅಧಿಕಾರಿಗಳಿಗೆ ಒಂದು ಅರ್ಜಿ ಕೊಟ್ಟರು. ನಲವತ್ತಕ್ಕೂ ಹೆಚ್ಚು ಸಹಿ. ನೀರಿನ ಅಭಾವವಿದೆ, ಚರಂಡಿ ಚಿಕ್ಕದು, ಗದ್ದಲವಾಗುತ್ತದೆ, ಬಡಾವಣೆಯ ವಾತಾವರಣ ಕೆಡುತ್ತದೆ ಎಂಬುದು ಒಕ್ಕಣೆ. ಹಾಸ್ಟೆಲು ಕೊನೆಗೂ ಅಲ್ಲಿಗೇ ಹೋಯಿತು. ಆದರೆ ಕಡತ ಮೇಜಿನಿಂದ ಮೇಜಿಗೆ ಅಲೆದು ಆರು ತಿಂಗಳು ತಡವಾಯಿತು. ಆ ಆರು ತಿಂಗಳಲ್ಲಿ ಒಂದು ಮಳೆಗಾಲ, ಒಂದು ಪರೀಕ್ಷೆ.

"ನೀರಿಲ್ಲ ಅಂತ ಬರೆದಿದ್ದರು ಸರ್. ಆದರೆ ಅದೇ ಬೀದಿಯಲ್ಲಿ ಮೂರು ಅಂತಸ್ತಿನ ಪಿ.ಜಿ. ಇದೆ. ಅದರ ಮೇಲೆ ಯಾರೂ ಅರ್ಜಿ ಕೊಡಲಿಲ್ಲ. ಹಾಗಾದರೆ ಆ ಸಹಿ ಹಾಕಿದವರ ಮೇಲೆ ಕೇಸು ಯಾಕೆ ಹಾಕಬಾರದು?"

ಒಂದು ಲೋಟ ಚಹಾ ಮುಗಿಯುವಷ್ಟರಲ್ಲಿ ಉತ್ತರಿಸುವ ಪ್ರಶ್ನೆ ಇದಲ್ಲ. "ನೋಡಮ್ಮ, ಅರ್ಜಿ ಕೊಡುವುದು ಅವರ ಹಕ್ಕು. ನಮ್ಮ ಕಾನೂನಿನಲ್ಲಿ ಅದಕ್ಕೆ ಶಿಕ್ಷೆ ಇಲ್ಲ" ಎಂದುಬಿಟ್ಟೆ. ಹೇಳುವಾಗಲೇ ನನಗೆ ಸಮಾಧಾನವಿರಲಿಲ್ಲ. ಬಸ್ಸಿನಲ್ಲಿ ಬರುತ್ತಾ ನೆನಪಾದದ್ದು ಅಮೆರಿಕದ ಬರ್ಕಲಿ ಊರಿನ ಒಂದು ಮೊಕದ್ದಮೆ. ಈ ಹುಡುಗಿಯ ಪ್ರಶ್ನೆಯನ್ನೇ ಅಲ್ಲಿನ ಸರಕಾರ ಕೇಳಿಕೊಂಡಿತ್ತು. ಅಷ್ಟೇ ಅಲ್ಲ, ಸಹಿ ಹಾಕಿದವರ ಬೆನ್ನು ಹತ್ತಿಯೂ ಬಿಟ್ಟಿತ್ತು.

ಬರ್ಕಲಿ ಎಂದರೆ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಊರು. ನಮ್ಮ ಕಡೆಯಿಂದ ಹೆಚ್ಚಿನ ಓದಿಗೆ ಹೋದ ಮಕ್ಕಳಿಗೆ ಅಲ್ಲಿನ ಯೂನಿವರ್ಸಿಟಿ ಅವೆನ್ಯೂ ಪರಿಚಿತ. ಸೀರೆ ಅಂಗಡಿ, ಬೇಳೆ-ಮಸಾಲೆ ಅಂಗಡಿ ಇರುವ ರಸ್ತೆ ಅದು. ಅದೇ ರಸ್ತೆಯಲ್ಲಿ ಬೆಲ್ ಏರ್ ಎಂಬ ಹೆಸರಿನ ಒಂದು ಮೋಟೆಲ್ ಇತ್ತು. 1990ರ ದಶಕದ ಆರಂಭದಲ್ಲಿ ಒಂದು ಸೇವಾ ಸಂಸ್ಥೆ ಆ ಮೋಟೆಲನ್ನು ಮನೆಯಿಲ್ಲದವರ ವಸತಿಯಾಗಿ ಮಾರ್ಪಡಿಸಲು ನಗರಾಡಳಿತದ ಅನುಮತಿ ಕೇಳಿತು. ಅಲ್ಲಿ ಬಂದು ಇರುವವರಲ್ಲಿ ಮಾನಸಿಕ ಕಾಯಿಲೆಯವರೂ ಕುಡಿತ, ಮಾದಕ ವಸ್ತುಗಳ ಚಟಕ್ಕೆ ಸಿಕ್ಕವರೂ ಇರಬಹುದಾಗಿತ್ತು.

ನೆರೆಯ ಮೂವರು ನಿವಾಸಿಗಳು ವಿರೋಧಿಸಿದರು. ಪಕ್ಕದಲ್ಲೇ ಮದ್ಯದ ಅಂಗಡಿಗಳಿವೆ, ಚಟ ಬಿಡಬೇಕಾದವರನ್ನು ತಂದು ಅವುಗಳ ನಡುವೆ ಇಡುವುದೇ ಎಂಬುದು ಅವರ ಒಂದು ವಾದ. ನಗರಸಭೆಗೆ ಕಾಗದ ಬರೆದರು. ಸಭೆಗಳಲ್ಲಿ ಎದ್ದು ನಿಂತು ಮಾತನಾಡಿದರು. ಒಂದು ಪುಟ್ಟ ಸುದ್ದಿಪತ್ರಿಕೆ ಹೊರಡಿಸಿದರು. ಅನುಮತಿ ಸಿಕ್ಕಿಯೇಬಿಟ್ಟಾಗ, ಅದನ್ನು ನೀಡಿದ ಕ್ರಮ ಸರಿಯಿಲ್ಲವೆಂದು ರಾಜ್ಯದ ನ್ಯಾಯಾಲಯಕ್ಕೆ ದಾವೆ ಹೂಡಿದರು. ಕಲ್ಲು ತೂರಲಿಲ್ಲ, ಯಾರನ್ನೂ ಬೆದರಿಸಲಿಲ್ಲ. ಮಾಡಿದ್ದೆಲ್ಲ ಕಾಗದ, ಮಾತು ಮತ್ತು ಕೋರ್ಟು.

ಆಗ ವಸತಿ ಹಕ್ಕುಗಳಿಗಾಗಿ ದುಡಿಯುವ ಇನ್ನೊಂದು ಸಂಸ್ಥೆ ಕೇಂದ್ರ ಸರಕಾರದ ವಸತಿ ಮತ್ತು ನಗರಾಭಿವೃದ್ಧಿ ಇಲಾಖೆಗೆ ದೂರು ಕೊಟ್ಟಿತು. ಅಮೆರಿಕದಲ್ಲಿ 1968ರಲ್ಲಿ ವಸತಿ ತಾರತಮ್ಯ ನಿಷೇಧ ಕಾಯಿದೆ ಬಂತು. ಮಾರ್ಟಿನ್ ಲೂಥರ್ ಕಿಂಗ್ ಕೊಲೆಯಾದ ವಾರದಲ್ಲೇ ಅದಕ್ಕೆ ಅಧ್ಯಕ್ಷರ ಸಹಿ ಬಿತ್ತು. ಬಣ್ಣ, ಧರ್ಮ, ಮೂಲದೇಶ ನೋಡಿ ಮನೆ ನಿರಾಕರಿಸಬಾರದು ಎನ್ನುವ ಈ ಕಾಯಿದೆಗೆ 1988ರಲ್ಲಿ ಅಂಗವೈಕಲ್ಯವನ್ನೂ ಸೇರಿಸಿದರು. ಮಾನಸಿಕ ಕಾಯಿಲೆಯೂ ಅದರಲ್ಲಿ ಬರುತ್ತದೆ. ಈ ಮೂವರು ರೋಗಿಗಳೆಂಬ ಕಾರಣಕ್ಕೇ ರೋಗಿಗಳನ್ನು ದೂರವಿಡಲು ಹೊರಟಿದ್ದಾರೆ, ಆದ್ದರಿಂದ ಅವರ ಕಾಗದ, ದಾವೆ ಎಲ್ಲವೂ ಕಾಯಿದೆಬಾಹಿರ ಎಂಬುದು ದೂರು.

ಇಲಾಖೆಯ ಸ್ಯಾನ್ ಫ್ರಾನ್ಸಿಸ್ಕೊ ಕಚೇರಿ ತನಿಖೆ ಶುರುಮಾಡಿತು. ಎಂಟು ತಿಂಗಳು ನಡೆದ ತನಿಖೆ. ನಿಮ್ಮ ಗುಂಪಿನ ಸದಸ್ಯರ ಪಟ್ಟಿ ಕೊಡಿ, ಸಭೆಯ ನಡವಳಿ ಕೊಡಿ, ಪ್ರಕಟಿಸಿದ್ದನ್ನೆಲ್ಲ ಕೊಡಿ ಎಂದು ಪತ್ರ. ಕೊಡದಿದ್ದರೆ ದಂಡ, ಸೆರೆಮನೆ ಎಂಬ ಎಚ್ಚರಿಕೆ. ಮಧ್ಯೆ ಒಂದು ರಾಜಿ ಸೂತ್ರವನ್ನೂ ಮುಂದಿಟ್ಟಿತು: ದಾವೆ ಹಿಂತೆಗೆದುಕೊಳ್ಳಿ, ಈ ಯೋಜನೆಯ ಬಗ್ಗೆ ಬರೆಯುವುದನ್ನು ನಿಲ್ಲಿಸಿ, ನಾವೂ ಕೈಬಿಡುತ್ತೇವೆ. ಬೀದಿಯಲ್ಲಿ ತರಕಾರಿ ಕೊಳ್ಳುತ್ತಾ ಸಿಗುವ ಮೂವರು ಸಾಮಾನ್ಯರ ಮುಂದೆ ಕೇಂದ್ರ ಸರಕಾರ ಇಟ್ಟ ಷರತ್ತು ಇದು. ತಪ್ಪಾಗಿದೆ ಎಂದೇ ಸ್ಥಳೀಯ ಕಚೇರಿ ತೀರ್ಮಾನಿಸಿತು. ಸುದ್ದಿ ಪತ್ರಿಕೆಗಳಿಗೆ ಹೋಯಿತು, ಗದ್ದಲವೆದ್ದಿತು. 1994ರಲ್ಲಿ ವಾಷಿಂಗ್ಟನ್ನಿನ ಹಿರಿಯ ಅಧಿಕಾರಿಗಳು ಇದು ವಾಕ್ ಸ್ವಾತಂತ್ರ್ಯದ ಒಳಗೇ ಬರುತ್ತದೆ ಎಂದು ಒಪ್ಪಿ ತನಿಖೆ ಮುಚ್ಚಿದರು. ಮುಂದೆ ಇಂಥ ದೂರುಗಳನ್ನು ಹೇಗೆ ನೋಡಬೇಕೆಂದು ಹೊಸ ಮಾರ್ಗಸೂಚಿಯೂ ಹೊರಟಿತು.

ಆದರೆ ಆ ಮೂವರು ಅಷ್ಟಕ್ಕೆ ಸುಮ್ಮನಾಗಲಿಲ್ಲ. ತನಿಖೆ ನಡೆಸಿದ ಅಧಿಕಾರಿಗಳ ಮೇಲೆಯೇ 1995ರಲ್ಲಿ ದಾವೆ ಹೂಡಿದರು. 2000ದ ಸೆಪ್ಟೆಂಬರಿನಲ್ಲಿ ಒಂಬತ್ತನೆಯ ಸರ್ಕಿಟ್‌ನ ಮೇಲ್ಮನವಿ ನ್ಯಾಯಾಲಯ ತೀರ್ಪು ಕೊಟ್ಟಿತು. ತೀರ್ಪು ಬರೆದವರು ನ್ಯಾಯಮೂರ್ತಿ ಸ್ಟೀಫನ್ ರೈನ್‌ಹಾರ್ಟ್. ಅಮೆರಿಕದ ನ್ಯಾಯಾಂಗದಲ್ಲಿ ದುರ್ಬಲರ, ಕೈದಿಗಳ, ಅಲ್ಪಸಂಖ್ಯಾತರ ಪರ ಎಂದು ಹೆಸರಾಗಿದ್ದವರು. ವಿರೋಧಿಗಳು ಅವರನ್ನು ತೀರಾ ಉದಾರವಾದಿ ಎಂದು ಬೈಯುತ್ತಿದ್ದರು. ಮನೆಯಿಲ್ಲದವರ ಕಷ್ಟ ಗೊತ್ತಿಲ್ಲದ ನ್ಯಾಯಾಧೀಶ ಎಂದು ಯಾರೂ ಹೇಳುವಂತಿರಲಿಲ್ಲ. ಆ ರೈನ್‌ಹಾರ್ಟರೇ ನಿವಾಸಿಗಳ ಹಕ್ಕನ್ನು ಅಧಿಕಾರಿಗಳು ತುಳಿದಿದ್ದಾರೆ ಎಂದು ಬರೆದರು. ಅಧಿಕಾರಿಗಳು ವೈಯಕ್ತಿಕವಾಗಿಯೂ ಹೊಣೆಯಿಂದ ತಪ್ಪಿಸಿಕೊಳ್ಳುವಂತಿಲ್ಲ ಎಂದರು. ದಾವೆಯ ಮಟ್ಟಿಗೆ ಅವರು ಇಟ್ಟ ಅಳತೆಗೋಲು ಮುಖ್ಯವಾದದ್ದು. ದಾವೆಗೆ ಒಂದಿಷ್ಟೂ ಆಧಾರವಿಲ್ಲದೆ, ಜೊತೆಗೆ ಅದರ ಉದ್ದೇಶವೂ ಅಕ್ರಮವಾಗಿದ್ದರೆ ಮಾತ್ರ ರಕ್ಷಣೆ ತಪ್ಪುತ್ತದೆ. ಆಧಾರವಿದ್ದರೆ ಮನಸ್ಸಿನೊಳಗೆ ಏನಿತ್ತು ಎಂದು ಸರಕಾರ ಬಗೆದು ನೋಡುವಂತಿಲ್ಲ.

ಈ ಅಳತೆಗೋಲು ಹುಟ್ಟಿದ್ದು ಮಾತ್ರ ತೀರಾ ಬೇರೆ ಜಾಗದಲ್ಲಿ. ಮನೆಯ ಜಗಳದಲ್ಲಲ್ಲ, ಲಾರಿ ಮತ್ತು ರೈಲಿನ ಜಗಳದಲ್ಲಿ. ಪೆನ್ಸಿಲ್ವೇನಿಯಾ ರಾಜ್ಯದಲ್ಲಿ ಲಾರಿಗಳು ಸರಕು ಸಾಗಣೆಯನ್ನು ಕಿತ್ತುಕೊಳ್ಳುತ್ತಿವೆ ಎಂದು ರೈಲ್ವೆ ಕಂಪೆನಿಗಳು ದುಡ್ಡು ಸುರಿದು ಪ್ರಚಾರ ಮಾಡಿ, ಲಾರಿಗಳಿಗೆ ಅನುಕೂಲವಾದ ಮಸೂದೆಯನ್ನು ಗವರ್ನರ್ ತಡೆಹಿಡಿಯುವಂತೆ ಮಾಡಿದವು. ಪ್ರತಿಸ್ಪರ್ಧಿಯನ್ನು ಮುಗಿಸುವುದೇ ಅವರ ಉದ್ದೇಶ ಎಂದು ಲಾರಿ ಮಾಲೀಕರು ಕೋರ್ಟಿಗೆ ಹೋದರು. 1961ರಲ್ಲಿ ಸುಪ್ರೀಂ ಕೋರ್ಟು, ಉದ್ದೇಶ ಅದೇ ಇರಬಹುದು, ಆದರೂ ಸರಕಾರದ ಮುಂದೆ ಮಾತಾಡಿ ಕಾನೂನು ಮಾಡಿಸಿಕೊಳ್ಳಲು ಯತ್ನಿಸುವುದು ಏಕಸ್ವಾಮ್ಯ ವಿರೋಧಿ ಕಾಯಿದೆಯಡಿ ಅಪರಾಧವಲ್ಲ ಎಂದಿತು. ಸ್ವಾರ್ಥವಿಲ್ಲದವರು ಮಾತ್ರ ಸರಕಾರದ ಬಾಗಿಲು ತಟ್ಟಬಹುದು ಎಂದರೆ, ಬಾಗಿಲು ತಟ್ಟುವವರು ಯಾರು ಉಳಿಯುತ್ತಾರೆ? ನಾನು ಹಳ್ಳಿಯ ತಾಲ್ಲೂಕು ಕಚೇರಿಯಲ್ಲಿ ಕಂಡ ಅರ್ಜಿಗಳಲ್ಲಿ ಪಕ್ಕದ ಹೊಲದವನ ಮೇಲಿನ ಸಿಟ್ಟು ಬೆರೆಯದ ಅರ್ಜಿ ತೀರಾ ಅಪರೂಪ.

ಇದಕ್ಕೊಂದು ಕಟ್ಟುಪಾಡನ್ನೂ ಕೋರ್ಟು ಹಾಕಿತು. 1972ರ ಒಂದು ಪ್ರಕರಣದಲ್ಲಿ ದೊಡ್ಡ ಲಾರಿ ಕಂಪೆನಿಗಳು ಹೊಸಬರ ಪ್ರತಿಯೊಂದು ಪರವಾನಗಿ ಅರ್ಜಿಯನ್ನೂ, ಹುರುಳಿರಲಿ ಇಲ್ಲದಿರಲಿ, ವಿರೋಧಿಸುತ್ತಾ ಹೋದವು ಎಂಬ ದೂರಿತ್ತು. ಗೆಲ್ಲುವುದಕ್ಕಲ್ಲ, ಅಲೆಸಿ ಸುಸ್ತುಮಾಡುವುದಕ್ಕೆ. ಅಂಥದ್ದು ಅರ್ಜಿಯ ವೇಷ ಅಷ್ಟೆ, ಅದಕ್ಕೆ ರಕ್ಷಣೆಯಿಲ್ಲ ಎಂದಿತು ಕೋರ್ಟು. 1993ರಲ್ಲಿ, ಹೋಟೆಲೊಂದು ತನ್ನ ಅತಿಥಿಗಳಿಗೆ ಸಿನಿಮಾ ಡಿಸ್ಕ್ ಬಾಡಿಗೆಗೆ ಕೊಟ್ಟಿತೆಂದು ಸಿನಿಮಾ ಕಂಪೆನಿಗಳು ಹೂಡಿ ಸೋತ ದಾವೆಯ ಸಂದರ್ಭದಲ್ಲಿ, ಮೊದಲು ದಾವೆಗೆ ಹುರುಳಿದೆಯೇ ನೋಡಿ, ಇಲ್ಲದಿದ್ದರೆ ಮಾತ್ರ ಉದ್ದೇಶ ನೋಡಿ ಎಂದು ಕ್ರಮವನ್ನು ಗೊತ್ತುಮಾಡಿತು. ಬರ್ಕಲಿ ತೀರ್ಪಿಗೆ ಆಧಾರ ಇದೇ.

ವಿದ್ಯಾರ್ಥಿಗಳು ಇಲ್ಲಿ ಕೇಳಬಹುದು: ಇದೆಲ್ಲ ಶ್ರೀಮಂತ ಕಂಪೆನಿಗಳಿಗೆ, ಮನೆ ಮಾಲೀಕರಿಗೆ ಅನುಕೂಲವಾದ ನಿಯಮವಲ್ಲವೇ? ಅನುಮಾನ ನ್ಯಾಯವಾದದ್ದೇ. ಅದಕ್ಕೆ ಉತ್ತರ ಬೇಕಾದರೆ ಇನ್ನೂ ಹಿಂದಕ್ಕೆ, ಗುಲಾಮಗಿರಿಯ ಕಾಲಕ್ಕೆ ಹೋಗಬೇಕು. ನನಗೆ ಬಹಳ ಇಷ್ಟವಾದ ಕಥೆ ಇದು, ಸ್ವಲ್ಪ ಉದ್ದವಾದರೆ ಕ್ಷಮಿಸಿ.

ಅಮೆರಿಕದ ಸಂವಿಧಾನಕ್ಕೆ 1791ರಲ್ಲಿ ಸೇರಿದ ಮೊದಲನೆಯ ತಿದ್ದುಪಡಿ ಧರ್ಮ, ಮಾತು, ಪತ್ರಿಕೆ, ಸಭೆ ಇವುಗಳ ಜೊತೆಗೆ ಐದನೆಯದಾಗಿ ಸರಕಾರಕ್ಕೆ ಅಹವಾಲು ಸಲ್ಲಿಸುವ ಹಕ್ಕನ್ನೂ ಹೇಳುತ್ತದೆ. ಮೊದಲ ನಾಲ್ಕನ್ನು ಎಲ್ಲರೂ ಬಾಯಿಪಾಠ ಹೇಳುತ್ತಾರೆ, ಐದನೆಯದನ್ನು ಮರೆಯುತ್ತಾರೆ. 1830ರ ದಶಕದಲ್ಲಿ ಆ ಐದನೆಯದೇ ದೇಶವನ್ನು ಅಲುಗಾಡಿಸಿತು. ಗುಲಾಮಗಿರಿ ರದ್ದುಮಾಡಿ ಎಂಬ ಮನವಿಗಳು ಸಾವಿರಾರು ಸಂಖ್ಯೆಯಲ್ಲಿ ಪ್ರತಿನಿಧಿ ಸಭೆಗೆ ಬಂದು ಬೀಳತೊಡಗಿದವು. ಸಹಿ ಹಾಕಿದವರಲ್ಲಿ ಹೆಂಗಸರು ಬಹಳ. ಅವರಿಗೆ ಆಗ ಮತವಿರಲಿಲ್ಲ. ಸರಕಾರದ ಮುಂದೆ ನಿಲ್ಲಲು ಇದ್ದ ಒಂದೇ ದಾರಿ ಈ ಕಾಗದ. ದಕ್ಷಿಣದ ಸದಸ್ಯರಿಗೆ ಈ ಕಾಗದಗಳಲ್ಲಿ ಕಂಡದ್ದು ದುರುದ್ದೇಶ: ನಮ್ಮ ಆಸ್ತಿ ಕಸಿಯುವ, ದಂಗೆ ಎಬ್ಬಿಸುವ ಸಂಚು. 1836ರ ಮೇ ತಿಂಗಳಲ್ಲಿ ಸಭೆ ಒಂದು ನಿಯಮ ಮಾಡಿತು. ಗುಲಾಮಗಿರಿಗೆ ಸಂಬಂಧಿಸಿದ ಯಾವ ಮನವಿಯನ್ನೂ ಓದಕೂಡದು, ಚರ್ಚಿಸಕೂಡದು, ಬಂದ ಹಾಗೆಯೇ ಪಕ್ಕಕ್ಕಿಡುವುದು. ಇತಿಹಾಸದಲ್ಲಿ ಅದಕ್ಕೆ ಬಾಯಿಕಟ್ಟು ನಿಯಮ ಎಂದೇ ಹೆಸರು ಬಿದ್ದಿದೆ.

ಅದರ ವಿರುದ್ಧ ಎದ್ದುನಿಂತವರು ಜಾನ್ ಕ್ವಿನ್ಸಿ ಆಡಮ್ಸ್. 1825ರಿಂದ 1829ರವರೆಗೆ ದೇಶದ ಅಧ್ಯಕ್ಷರಾಗಿದ್ದು, ಸೋತು, ಮನೆಯಲ್ಲಿ ಕೂರದೆ ಸಾಮಾನ್ಯ ಸದಸ್ಯರಾಗಿ ಮತ್ತೆ ಸಭೆಗೆ ಬಂದ ಮುದುಕ. 1837ರ ಫೆಬ್ರವರಿಯಲ್ಲಿ ಒಂದು ದಿನ ಅವರು ಎದ್ದು, ತಮ್ಮ ಬಳಿ ಇಪ್ಪತ್ತೆರಡು ಮಂದಿ ಗುಲಾಮರು ಸಹಿ ಮಾಡಿದ್ದು ಎನ್ನಲಾದ ಮನವಿಯೊಂದಿದೆ, ಅದು ಈ ನಿಯಮಕ್ಕೆ ಒಳಪಡುತ್ತದೆಯೇ ಎಂದು ಸ್ಪೀಕರನ್ನು ಕೇಳಿದರು. ಸ್ಪೀಕರ್ ಆಗಿದ್ದವರು ಮುಂದೆ ತಾವೇ ಅಧ್ಯಕ್ಷರಾದ ಜೇಮ್ಸ್ ಪೋಕ್. ಸಭೆಯಲ್ಲಿ ಕೋಲಾಹಲ. ಗುಲಾಮರಿಗೆ ಮನವಿ ಸಲ್ಲಿಸುವ ಹಕ್ಕೇ! ಈ ಮುದುಕನಿಗೆ ಛೀಮಾರಿ ಹಾಕಬೇಕು, ಹೊರಹಾಕಬೇಕು ಎಂದು ಕೂಗು. ಎಲ್ಲರೂ ಕೂಗಿ ದಣಿದ ಮೇಲೆ ಆಡಮ್ಸ್ ನಿಧಾನವಾಗಿ ತಿಳಿಸಿದರು: ಮನವಿಯಲ್ಲಿ ಇರುವುದು ನೀವಂದುಕೊಂಡದ್ದಲ್ಲ, ಅದು ಗುಲಾಮಗಿರಿ ರದ್ದತಿಯನ್ನು ವಿರೋಧಿಸುವ ಮನವಿ. ಅಂದರೆ ತಮ್ಮ ನಿಲುವಿಗೆ ಪೂರಾ ವಿರುದ್ಧವಾದ, ಬಹುಶಃ ತಮ್ಮನ್ನು ಗೇಲಿ ಮಾಡಲೆಂದೇ ಯಾರೋ ಕಳಿಸಿದ ಕಾಗದದ ಹಕ್ಕಿಗಾಗಿ ಅವರು ಆ ಬೈಗುಳವನ್ನೆಲ್ಲ ತಿಂದಿದ್ದರು. 1842ರಲ್ಲಿ ಹೇವರ್‌ಹಿಲ್ ಎಂಬ ಊರಿನವರು ದೇಶವನ್ನೇ ವಿಸರ್ಜಿಸಿ ಎಂದು ಬರೆದ ಮನವಿಯನ್ನೂ, ಅದನ್ನು ತಾವು ಒಪ್ಪುವುದಿಲ್ಲ ಎಂದು ಹೇಳುತ್ತಲೇ, ಸಭೆಯ ಮುಂದಿಟ್ಟರು. ಮತ್ತೆ ಛೀಮಾರಿಯ ಯತ್ನ, ಮತ್ತೆ ವಿಫಲ. 1844ರ ಡಿಸೆಂಬರಿನಲ್ಲಿ ಬಾಯಿಕಟ್ಟು ನಿಯಮ ಬಿದ್ದುಹೋಯಿತು. ಆಡಮ್ಸ್ 1848ರಲ್ಲಿ ಅದೇ ಸಭೆಯಲ್ಲಿ, ತಮ್ಮ ಮೇಜಿನ ಬಳಿಯೇ ಕುಸಿದು, ಎರಡು ದಿನದ ಮೇಲೆ ತೀರಿಕೊಂಡರು.

ನೂರು ವರ್ಷಗಳ ನಂತರ ಅದೇ 'ದುರುದ್ದೇಶ'ದ ವಾದ ಮತ್ತೆ ಬಂತು. 1954ರಲ್ಲಿ ಕರಿಯ ಮತ್ತು ಬಿಳಿಯ ಮಕ್ಕಳಿಗೆ ಬೇರೆಬೇರೆ ಶಾಲೆ ಕೂಡದು ಎಂದು ಸುಪ್ರೀಂ ಕೋರ್ಟು ಹೇಳಿದ ಮೇಲೆ, ಕರಿಯರ ಹಕ್ಕುಗಳ ಸಂಘಟನೆಯಾದ ಎನ್.ಎ.ಎ.ಸಿ.ಪಿ. ದಕ್ಷಿಣದ ಊರೂರುಗಳಲ್ಲಿ ತಂದೆತಾಯಿಗಳನ್ನು ಸೇರಿಸಿ ದಾವೆ ಹಾಕಿಸುತ್ತಿತ್ತು. ವರ್ಜೀನಿಯಾ ರಾಜ್ಯ 1956ರಲ್ಲಿ ಹೊಸ ಕಾನೂನುಗಳನ್ನು ಮಾಡಿತು. ಹೊರಗಿನ ಸಂಘಟನೆಗಳು ವ್ಯಾಜ್ಯಕ್ಕೆ ಕಕ್ಷಿದಾರರನ್ನು ಹುಡುಕಿ ವಕೀಲರನ್ನು ಒದಗಿಸುವುದು ಅಪರಾಧವಾಯಿತು. ಮೇಲ್ನೋಟಕ್ಕೆ ವಕೀಲಿ ವೃತ್ತಿಯ ಶುದ್ಧಿ, ಒಳಗಿನದು ಎಲ್ಲರಿಗೂ ಗೊತ್ತು. 1963ರಲ್ಲಿ ಸುಪ್ರೀಂ ಕೋರ್ಟು ಆ ಕಾನೂನನ್ನು ಸಂಘಟನೆಗೆ ಅನ್ವಯಿಸದಂತೆ ತಡೆಯಿತು. ಮತಪೆಟ್ಟಿಗೆಯಲ್ಲಿ ಗೆಲ್ಲಲಾಗದ ಗುಂಪಿಗೆ ದಾವೆಯೇ ರಾಜಕೀಯ ಮಾತು ಎಂಬುದು ಆ ತೀರ್ಪಿನ ತಿರುಳು. ದಾವೆಯ ಹಿಂದಿನ ಮನಸ್ಸನ್ನು ತೂಗುವ ತಕ್ಕಡಿಯನ್ನು ಸರಕಾರದ ಕೈಗೆ ಕೊಟ್ಟಿದ್ದರೆ ಆ ಕಾಲದ ವರ್ಜೀನಿಯಾದಲ್ಲಿ ಅದು ಯಾರ ಮೇಲೆ ಬೀಳುತ್ತಿತ್ತು ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಆದರೂ ಆ ಹುಡುಗಿಯ ಪ್ರಶ್ನೆ ಇಷ್ಟರಿಂದ ತೀರುವುದಿಲ್ಲ. ಅರ್ಜಿಗೆ ರಕ್ಷಣೆ ಎಂದರೆ ಅರ್ಜಿ ಹೇಳಿದಂತೆ ಸರಕಾರ ಕುಣಿಯಬೇಕೆಂದಲ್ಲ. ನಾನು ಅಂದು ಚಹಾ ಕುಡಿಯುತ್ತಾ ಹೇಳದೆ ಬಿಟ್ಟ ಅರ್ಧಭಾಗ ಇದು, ಮತ್ತು ನನ್ನ ಮಟ್ಟಿಗೆ ಮೊದಲರ್ಧಕ್ಕಿಂತ ಮುಖ್ಯವಾದದ್ದು.

ಟೆಕ್ಸಾಸಿನ ಕ್ಲೀಬರ್ನ್ ಎಂಬ ಊರು. 1980ರಲ್ಲಿ ಬುದ್ಧಿಮಾಂದ್ಯರಾದ ಹದಿಮೂರು ಮಂದಿ ಒಟ್ಟಿಗೆ ಇರಲು ಒಂದು ಮನೆ ನೋಡಿದರು. ನಗರಸಭೆ ವಿಶೇಷ ಪರವಾನಗಿ ಬೇಕೆಂದಿತು, ಆಮೇಲೆ ಒಂದರ ವಿರುದ್ಧ ಮೂರು ಮತಗಳಿಂದ ಅದನ್ನು ನಿರಾಕರಿಸಿತು. ಕಾರಣಗಳನ್ನು ಕೇಳಿ. ಸುತ್ತಲಿನ ಮನೆಯವರಿಗೆ ಇಷ್ಟವಿಲ್ಲ. ವಯಸ್ಸಾದವರಿಗೆ ಹೆದರಿಕೆ. ಎದುರುಗಡೆ ಶಾಲೆಯಿದೆ, ಮಕ್ಕಳು ಇವರನ್ನು ಗೇಲಿ ಮಾಡಬಹುದು. ಜಾಗ ಐನೂರು ವರ್ಷಕ್ಕೊಮ್ಮೆ ನೆರೆ ಬರುವ ಬಯಲಿನಲ್ಲಿದೆ. 1985ರಲ್ಲಿ ಸುಪ್ರೀಂ ಕೋರ್ಟು ಇವನ್ನು ಒಂದೊಂದಾಗಿ ಬಿಡಿಸಿ ನೋಡಿತು. ಆ ಶಾಲೆಯಲ್ಲೇ ಸುಮಾರು ಮೂವತ್ತು ಮಂದಿ ಬುದ್ಧಿಮಾಂದ್ಯ ಮಕ್ಕಳು ಓದುತ್ತಿದ್ದರು. ನೆರೆಯ ಭಯ ನಿಜವಾದರೆ ಅದೇ ಜಾಗದಲ್ಲಿ ವೃದ್ಧರ ಶುಶ್ರೂಷಾಲಯಕ್ಕೆ, ಆಸ್ಪತ್ರೆಗೆ ಈ ಪರವಾನಗಿಯೇ ಬೇಕಿರಲಿಲ್ಲವೇಕೆ? ಉಳಿದದ್ದು ನೆರೆಹೊರೆಯವರ ಅಸಹನೆ ಮಾತ್ರ, ಅದನ್ನು ಕಾರಣವಾಗಿಟ್ಟುಕೊಂಡು ಸರಕಾರ ಬಾಗಿಲು ಮುಚ್ಚುವಂತಿಲ್ಲ ಎಂದು ನಿರಾಕರಣೆಯನ್ನು ತಳ್ಳಿಹಾಕಿತು.

ಓದುತ್ತಿದ್ದಾಗ ನನಗೆ 'ಮೂರು ಅಂತಸ್ತಿನ ಪಿ.ಜಿ.' ನೆನಪಾಯಿತು. ಕಾನೂನು ಓದದ ಆ ಹುಡುಗಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳು ಹಿಡಿದ ಎಳೆಯನ್ನೇ ಹಿಡಿದಿದ್ದಳು. ನೀವು ಹೇಳುವ ಕಾರಣ ನಿಜವಾದರೆ ಅದನ್ನು ಅವರಿಗೂ ಅನ್ವಯಿಸಿದಿರಾ?

ಈ ಎರಡು ಅರ್ಧಗಳೂ ಒಟ್ಟಿಗೆ ಕೆಲಸ ಮಾಡಿದ್ದನ್ನು ನೋಡಬೇಕಾದರೆ ಟೆನೆಸಿ ರಾಜ್ಯದ ಮರ್ಫ್ರೀಸ್‌ಬರೊ ಊರಿಗೆ ಹೋಗಬೇಕು. 2010ರಲ್ಲಿ ಅಲ್ಲಿನ ಮುಸ್ಲಿಮರು ಹೊಸ ಮಸೀದಿ ಕಟ್ಟಲು ಯೋಜನಾ ಸಮಿತಿಯ ಒಪ್ಪಿಗೆ ಪಡೆದರು. ಕೆಲವು ನಿವಾಸಿಗಳು ದಾವೆ ಹೂಡಿ, ಇಸ್ಲಾಂ ಎಂಬುದು ಧರ್ಮವೇ ಅಲ್ಲ ಎಂದು ಕೋರ್ಟಿನಲ್ಲಿ ವಾದಿಸಿದರು. ಕೇಂದ್ರ ಸರಕಾರದ ನ್ಯಾಯ ಇಲಾಖೆ, ಅದು ಧರ್ಮವೇ ಹೌದು ಎಂದು ಲಿಖಿತ ಹೇಳಿಕೆ ಸಲ್ಲಿಸಬೇಕಾದ ಪರಿಸ್ಥಿತಿ! ದಾವೆ ಹೂಡಿದವರ ಸದಸ್ಯರ ಪಟ್ಟಿಯನ್ನು ಮಾತ್ರ ಸರಕಾರ ಕೇಳಲಿಲ್ಲ. ಕಟ್ಟಡದ ಜಾಗದಲ್ಲಿ ಯಂತ್ರಕ್ಕೆ ಬೆಂಕಿ ಇಟ್ಟಾಗ ತನಿಖೆ ನಡೆಯಿತು, ಬೆಂಕಿ ಅರ್ಜಿಯಲ್ಲ. ದಾವೆಯಲ್ಲಿದ್ದ ಒಂದು ಅಂಶಕ್ಕೆ, ಸಮಿತಿಯ ಸಭೆಯ ಬಗ್ಗೆ ಸಾಕಷ್ಟು ಮುನ್ಸೂಚನೆ ಕೊಟ್ಟಿರಲಿಲ್ಲ ಎಂಬುದಕ್ಕೆ, ಸ್ಥಳೀಯ ನ್ಯಾಯಾಧೀಶರು 2012ರಲ್ಲಿ ಮನ್ನಣೆಯನ್ನೂ ಕೊಟ್ಟರು. ಆ ಜುಲೈನಲ್ಲಿ ಫೆಡರಲ್ ನ್ಯಾಯಾಲಯ ಮಧ್ಯೆ ಬಂದು, ಬೇರೆ ಪ್ರಾರ್ಥನಾ ಮಂದಿರಗಳಿಗಿಲ್ಲದ ಅಡ್ಡಿ ಇದಕ್ಕೆ ಬೇಡ ಎಂಬಂತೆ ದಾರಿ ತೆರೆಯಿತು. ಆಗಸ್ಟಿನಲ್ಲಿ, ರಂಜಾನ್ ತಿಂಗಳಿನಲ್ಲೇ, ಮಸೀದಿಯ ಬಾಗಿಲು ತೆರೆಯಿತು. 2013ರಲ್ಲಿ ರಾಜ್ಯದ ಮೇಲ್ಮನವಿ ನ್ಯಾಯಾಲಯ ಸ್ಥಳೀಯ ತೀರ್ಪನ್ನು ರದ್ದುಮಾಡಿತು, 2014ರಲ್ಲಿ ಸುಪ್ರೀಂ ಕೋರ್ಟು ಮೇಲ್ಮನವಿ ಕೇಳಲು ಒಪ್ಪಲಿಲ್ಲ. ನಾಲ್ಕು ವರ್ಷಗಳ ವ್ಯಾಜ್ಯ. ಆ ನಾಲ್ಕು ವರ್ಷ ಅಲ್ಲಿನ ಕುಟುಂಬಗಳು ಹೇಗೆ ಕಳೆದಿರಬಹುದು ಎಂಬುದನ್ನು ನಾವು ಲೆಕ್ಕಕ್ಕೆ ಹಿಡಿಯಲೇಬೇಕು. ಹಕ್ಕಿನ ಬೆಲೆಯನ್ನು ಹಕ್ಕು ಚಲಾಯಿಸಿದವರು ತೆರುವುದಿಲ್ಲ, ಎದುರಿಗಿದ್ದವರು ತೆರುತ್ತಾರೆ. ಈ ನಿಯಮವನ್ನು ಹೊಗಳುವ ಪ್ರೊಫೆಸರುಗಳು ಇದನ್ನು ಮೆಲುದನಿಯಲ್ಲಿ ಹೇಳುವುದು ನನಗೆ ಹಿಡಿಸುವುದಿಲ್ಲ.

ಇನ್ನು ನಮ್ಮ ದೇಶ. ಇಲ್ಲಿ ನಾನು ಒಂದು ತಪ್ಪೊಪ್ಪಿಗೆ ಮಾಡಬೇಕು. 'ನಮ್ಮ ಕಾನೂನಿನಲ್ಲಿ ಅದಕ್ಕೆ ಶಿಕ್ಷೆ ಇಲ್ಲ' ಎಂದು ಆಕೆಗೆ ಹೇಳಿದ್ದು ಪೂರ್ತಿ ಸರಿಯಲ್ಲ. ನಮ್ಮ ಸಂವಿಧಾನದ 350ನೆಯ ವಿಧಿ ಕುಂದುಕೊರತೆಯ ನಿವಾರಣೆಗಾಗಿ ಯಾವ ಅಧಿಕಾರಿಗೇ ಆಗಲಿ ಮನವಿ ಸಲ್ಲಿಸುವ ಹಕ್ಕನ್ನು ಹೇಳುತ್ತದೆ, ಅದೂ ಕೇಂದ್ರದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ. ಅಂದರೆ ಕನ್ನಡದಲ್ಲಿ ಬರೆದ ಅರ್ಜಿಯನ್ನು ಇಲ್ಲಿನ ಅಧಿಕಾರಿ 'ಇಂಗ್ಲಿಷಿನಲ್ಲಿ ತನ್ನಿ' ಎಂದು ವಾಪಸು ಕೊಡುವಂತಿಲ್ಲ. ಆದರೆ 1989ರ ಪರಿಶಿಷ್ಟ ಜಾತಿ ಮತ್ತು ಪಂಗಡಗಳ ದೌರ್ಜನ್ಯ ತಡೆ ಕಾಯಿದೆ ಅಮೆರಿಕದವರು ಹೋಗದ ಹಾದಿಯಲ್ಲಿ ಹೋಗಿದೆ. ಅದರ 3ನೆಯ ಕಲಮಿನಲ್ಲಿ, ಪರಿಶಿಷ್ಟರಲ್ಲದವರು ಪರಿಶಿಷ್ಟ ಜಾತಿ, ಪಂಗಡದವರ ವಿರುದ್ಧ ಸುಳ್ಳು, ದ್ವೇಷಪೂರಿತ ಅಥವಾ ಪೀಡಿಸುವ ದಾವೆಯನ್ನೋ ಕ್ರಿಮಿನಲ್ ಮೊಕದ್ದಮೆಯನ್ನೋ ಹೂಡುವುದೇ ಅಪರಾಧ. ಸುಳ್ಳು ಅಥವಾ ಕ್ಷುಲ್ಲಕ ಮಾಹಿತಿ ಕೊಟ್ಟು ಸರಕಾರಿ ಅಧಿಕಾರಿಯು ತನ್ನ ಅಧಿಕಾರ ಬಳಸಿ ಅವರಿಗೆ ಹಾನಿ ಅಥವಾ ಕಿರುಕುಳ ಮಾಡುವಂತೆ ಮಾಡುವುದೂ ಅಪರಾಧ. ಶಿಕ್ಷೆ ಆರು ತಿಂಗಳಿಂದ ಐದು ವರ್ಷ. 2015ರ ತಿದ್ದುಪಡಿಯಲ್ಲಿ ಕಲಮುಗಳ ಅಕ್ಷರಗಳು ಬದಲಾದವು, ಈ ಎರಡು ಅಪರಾಧಗಳು ಉಳಿದವು.

ಕಾಯಿದೆ ಮಾಡಿದವರಿಗೆ ಹಳ್ಳಿಗಳ ನಿಜ ಸ್ಥಿತಿ ಗೊತ್ತಿತ್ತು. ನಮ್ಮಲ್ಲಿ ಕೂಲಿ ಕೇಳಿದವನ ಮೇಲೆ ಕಳ್ಳತನದ ದೂರು, ಬಾವಿಗೆ ಇಳಿದವನ ಮೇಲೆ ಅತಿಕ್ರಮಣದ ದಾವೆ ಬೀಳುತ್ತಿದ್ದದ್ದು ಹೊಸತಲ್ಲ. ಕೋರ್ಟಿಗೆ ಅಲೆಯುವ ಬಸ್ ಚಾರ್ಜಿಲ್ಲದವನಿಗೆ ದಾವೆಯೇ ದೊಣ್ಣೆ. ಅಂಥ ಸಮಾಜದಲ್ಲಿ 'ಅಧಿಕಾರಿ ಸರಿಯಾಗಿ ತೀರ್ಮಾನಿಸಿದರೆ ಸಾಕು' ಎನ್ನುವ ಅಮೆರಿಕದ ಧೈರ್ಯ ನಮಗೆ ಬಂದಿರಲಿಲ್ಲ. ಬರಬೇಕಿತ್ತೆಂದೂ ನಾನು ಹೇಳುವುದಿಲ್ಲ. ಆದರೆ ಆ ಕಾಯಿದೆಯ ಶಬ್ದಗಳನ್ನು ಗಮನಿಸಿ. ಮಾಹಿತಿ ಸುಳ್ಳೋ ಕ್ಷುಲ್ಲಕವೋ ಆಗಿರಬೇಕು. ಅದರಿಂದ ಅಧಿಕಾರಿ ತನ್ನ ಅಧಿಕಾರ ಬಳಸಿರಬೇಕು. ಅದು ಪರಿಶಿಷ್ಟ ವ್ಯಕ್ತಿಗೆ ಹಾನಿಯನ್ನೋ ಕಿರುಕುಳವನ್ನೋ ಉಂಟುಮಾಡಿರಬೇಕು. ನಲವತ್ತು ಸಹಿಗಳ ಆ ಅರ್ಜಿ ಇದರೊಳಗೆ ಬರುತ್ತದೆಯೇ ಎಂಬುದು ಅದರಲ್ಲಿ ಬರೆದ ನೀರಿನ ಮಾತು ನಿಜವೋ ಸುಳ್ಳೋ ಎಂಬುದರ ಮೇಲೆ ನಿಲ್ಲುತ್ತದೆ. ನಮ್ಮ ಕಾನೂನೂ ಕೊನೆಗೆ 'ಹುರುಳಿದೆಯೇ' ಎಂಬಲ್ಲಿಗೇ ಬರುತ್ತದೆ ಎಂಬುದು ನನಗೆ ಕುತೂಹಲದ ಸಂಗತಿ.

ನನ್ನ ಅಭಿಪ್ರಾಯ ಕೇಳಿದರೆ, ಸಹಿ ಹಾಕಿದ ನಲವತ್ತು ಮಂದಿಗಿಂತ ಆ ಕಡತವನ್ನು ಆರು ತಿಂಗಳು ಮೇಜಿನ ಮೇಲಿಟ್ಟುಕೊಂಡವರ ಮೇಲೆ ನನ್ನ ಸಿಟ್ಟು ಹೆಚ್ಚು. ಅರ್ಜಿ ಬಂದ ವಾರದೊಳಗೆ ಒಬ್ಬ ಇಂಜಿನಿಯರನ್ನು ಕಳಿಸಿ ನಲ್ಲಿ ತಿರುಗಿಸಿ ನೋಡಿದ್ದರೆ, ಆ ಬೀದಿಯ ಉಳಿದ ಕಟ್ಟಡಗಳಿಗೆ ಎಷ್ಟು ನೀರು ಹೋಗುತ್ತದೆಂದು ಬರೆದಿಟ್ಟಿದ್ದರೆ, ಮುಗಿಯುತ್ತಿತ್ತು. ಸಂವಿಧಾನದ 15ನೆಯ ವಿಧಿ ಜಾತಿಯ ಆಧಾರದ ಮೇಲೆ ತಾರತಮ್ಯ ಮಾಡಬಾರದೆಂದು ಹೇಳುವುದು ಮುಖ್ಯವಾಗಿ ಸರಕಾರಕ್ಕೆ. ಬೀದಿಯವರ ಮನಸ್ಸನ್ನು ಅಳೆಯಲು ಅಧಿಕಾರಿಗೆ ಯಾವ ಉಪಕರಣವೂ ಇಲ್ಲ, ನೀರನ್ನು ಅಳೆಯಲು ಇದೆ.

ಇಷ್ಟನ್ನು ಬರೆದ ಮೇಲೆ ಕಾಲೇಜಿನ ಅಧ್ಯಾಪಕರ ಮೂಲಕ ಆ ವಿದ್ಯಾರ್ಥಿನಿಯನ್ನು ಫೋನಿನಲ್ಲಿ ಹಿಡಿದೆ. ಅಂದು ಅರ್ಧ ತಪ್ಪು ಹೇಳಿದ್ದೆ ಎಂದು ತಿಳಿಸಿ, ಕಾಯಿದೆಯ ಕಲಮುಗಳನ್ನು ಓದಿ ಹೇಳಿದೆ. 2005ರ ಮಾಹಿತಿ ಹಕ್ಕು ಕಾಯಿದೆಯಲ್ಲಿ ಆ ಕಡತದ ನಕಲು ಕೇಳಬಹುದು, ಮೂವತ್ತು ದಿನಗಳೊಳಗೆ ಉತ್ತರಿಸಬೇಕು, ಯಾರ ಮೇಜಿನಲ್ಲಿ ಎಷ್ಟು ದಿನ ಇತ್ತು ಎಂಬುದು ಅದರಲ್ಲಿ ಗೊತ್ತಾಗುತ್ತದೆ ಎಂದೂ ಹೇಳಿದೆ. ಬರೆದುಕೊಂಡಳು. ಆಮೇಲೆ ಮೊದಲೇ ಕೇಳಬೇಕಾಗಿದ್ದ ಪ್ರಶ್ನೆಯನ್ನು ನಾನು ಕೇಳಿದೆ. "ಅಲ್ಲಮ್ಮ, ಆ ಬೀದಿಯಲ್ಲಿ ನೀರಿನ ತೊಂದರೆ ನಿಜವಾಗಿಯೂ ಇದೆಯೇ?"

ಆ ಕಡೆಯಿಂದ ನಗು ಕೇಳಿಸಿತು. "ಇದೆ ಸರ್. ಮೂರು ದಿನಕ್ಕೊಮ್ಮೆ ಬಿಡ್ತಾರೆ. ಹೋದ ವಾರ ನಾವೂ ಒಂದು ಅರ್ಜಿ ಬರೆದೆವು. ಪಕ್ಕದ ಮನೆ ಆಂಟಿಯೂ ಸಹಿ ಹಾಕಿದ್ರು."